ಕಂಡಕ್ಟರಮ್ಮನ ಗೋಡೆಯ ಜಿಡ್ಡು

ವಯಸ್ಸಾದವರು ಹೆಚ್ಚಾಗಿ ಬೀಳುವುದು ಬೀದಿಯಲ್ಲಲ್ಲ, ಮನೆಯೊಳಗೆ. ಬೆಟ್ಟ ಹತ್ತುವಾಗಲ್ಲ, ಹಾಸಿಗೆಯಿಂದೆದ್ದು ಬಚ್ಚಲಿಗೆ ಹೋಗುವಾಗ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿದ್ದೂ ನಾವೇನು ಮಾಡುತ್ತೇವೆ? ಬೀದಿಗೆ ಹೋಗಬೇಡಿ ಎನ್ನುತ್ತೇವೆ. ಬಚ್ಚಲಿಗೆ ಕನ್ನಡಿಯಂತೆ ಹೊಳೆಯುವ ಟೈಲ್ಸ್ ಹಾಕಿಸುತ್ತೇವೆ. ಬಾಗಿಲಿಗೊಂದು ಮೆಟ್ಟಿಲು ಎಬ್ಬಿಸುತ್ತೇವೆ. ದೀಪದ ಸ್ವಿಚ್ಚನ್ನು ಹಾಸಿಗೆಯಿಂದ ಎಷ್ಟು ದೂರ ಇಡಲು ಸಾಧ್ಯವೋ ಅಷ್ಟು ದೂರ ಇಡುತ್ತೇವೆ. ಬಿದ್ದ ಮೇಲೆ, "ಎಷ್ಟು ಹೇಳಿದ್ರೂ ಕೇಳಲ್ಲ, ಎದ್ದು ಓಡಾಡ್ತಾರೆ" ಎಂದು ಬಿದ್ದವರನ್ನೇ ಬೈಯುತ್ತೇವೆ.

ಓಡಾಡದೆ ಏನು ಮಾಡಬೇಕು ಅವರು? ಬಚ್ಚಲು ತಾನಾಗಿ ಎದ್ದು ಹಾಸಿಗೆಯ ಬಳಿ ಬರುತ್ತದೆಯೇ?

ನಮ್ಮ ಕಟ್ಟಡದ ನೆಲಮಹಡಿಯಲ್ಲಿ, ನನ್ನ ಬಾಗಿಲಿಗೆ ಎದುರು ಬಾಗಿಲಿನ ಮನೆಯಲ್ಲಿರುವಾಕೆಗೆ ಎಲ್ಲರೂ ಕಂಡಕ್ಟರಮ್ಮ ಎನ್ನುತ್ತಾರೆ. ಬಸ್ಸಿನಲ್ಲಿ ಟಿಕೆಟ್ ಹರಿಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಆದರೂ ಮೆಟ್ಟಿಲ ಹತ್ತಿರ ಯಾರಾದರೂ ದಾರಿಗಡ್ಡವಾಗಿ ನಿಂತು ಹರಟುತ್ತಿದ್ದರೆ ಹಿಂದಿನಿಂದ ಆ ಗಂಟಲು ಈಗಲೂ ಮೊಳಗುತ್ತದೆ: "ಒಳಗೆ ಹೋಗಿ ಸ್ವಾಮಿ, ಒಳಗೆ ಜಾಗ ಇದೆ! ಬಾಗಿಲಲ್ಲೇ ಸಂಸಾರ ಹೂಡ್ತೀರಾ?"

ಗಂಡ ತೀರಿಹೋದ ಮೇಲೆ ಆಕೆ ಒಬ್ಬರೇ. ಕನಿಕರ ಪಡುವ ಅಗತ್ಯವಿಲ್ಲ. ಮಗಳು, ಅಳಿಯ ಇರುವುದು ಎರಡು ಬೀದಿ ಆಚೆ. ಮಗಳು ಆಸ್ಪತ್ರೆಯಲ್ಲಿ ನರ್ಸು, ವಾರ್ಡಿನ ಹಿರಿಯ ಸಿಸ್ಟರ್. ಅಳಿಯನದು ಬಣ್ಣದ ಅಂಗಡಿ. ಇಬ್ಬರೂ ಒಳ್ಳೆಯವರು. ಪ್ರೀತಿಗೆ ಬರವಿಲ್ಲ. ನಾನು ಹೇಳಹೊರಟಿರುವುದು ಆ ಪ್ರೀತಿ ಮಾಡಿದ ಅನಾಹುತವನ್ನೇ.

ಕಂಡಕ್ಟರಮ್ಮನದು ಕಾಲಿಗೆ ಚಕ್ರ ಕಟ್ಟಿಕೊಂಡ ಜನ್ಮ. ಕೂತು ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ಲೋಟ ಹಿಡಿದು ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ. ಕೊನೆಯ ಗುಟುಕಿನ ಹೊತ್ತಿಗೆ ಮನೆಯನ್ನು ಒಂದು ಸುತ್ತು ಬಂದಾಗಿರುತ್ತದೆ. "ಕೂತ್ರೆ ನಂಗೆ ಮುಂದಿನ ಸ್ಟಾಪ್ ಮಿಸ್ ಆಯ್ತೇನೋ ಅನ್ಸುತ್ತೆ" ಎನ್ನುತ್ತಿದ್ದರು. ಆಯುಷ್ಯವೆಲ್ಲ ಓಡುವ ಬಸ್ಸಿನಲ್ಲಿ ನಿಂತೇ ಕಳೆದವರ ಮೈ ಅದು.

ಓಡುವ ಬಸ್ಸಿನಲ್ಲಿ ನಡೆಯುವುದನ್ನು ಎಂದಾದರೂ ಗಮನಿಸಿದ್ದೀರಾ? ನಾವು ಪ್ರಯಾಣಿಕರು ಮೊದಲು ಕಾಲು ಹಾಕುತ್ತೇವೆ, ಬಸ್ಸು ಜೋಲಿ ಹೊಡೆದಾಗ ಕೈ ಚಾಚುತ್ತೇವೆ, ಪಕ್ಕದವರ ಜುಟ್ಟು ಸಿಕ್ಕರೂ ಹಿಡಿಯುತ್ತೇವೆ. ಕಂಡಕ್ಟರರದು ಬೇರೆ ಲೆಕ್ಕ. ಮೊದಲು ಕೈ, ಆಮೇಲೆ ಕಾಲು. ಮುಂದಿನ ಹಿಡಿ ಸಿಕ್ಕದೆ ಹಿಂದಿನ ಹಿಡಿ ಬಿಡುವುದಿಲ್ಲ. ಎರಡೂ ಕೈಗೆ ಕೆಲಸವಿದ್ದರೆ ಸೊಂಟವನ್ನು ಸೀಟಿನ ಅಂಚಿಗೆ ಆನಿಸುವುದು. ಇದನ್ನು ಆಕೆಗೆ ಯಾರೂ ಕಲಿಸಲಿಲ್ಲ. ತಿರುವುಗಳು ಕಲಿಸಿದವು.

ಮಂಡಿ ಸೋತ ಮೇಲೆ ಆಕೆ ಮನೆಯಲ್ಲೂ ಹಾಗೆಯೇ ನಡೆಯತೊಡಗಿದ್ದರು. ಮಂಚದ ತಲೆಗಟ್ಟು, ಅಲ್ಲಿಂದ ಕೋಣೆಯ ಬಾಗಿಲ ಚೌಕಟ್ಟು. ಚೌಕಟ್ಟು ಬಿಡುವಷ್ಟರಲ್ಲಿ ಹೊಲಿಗೆ ಮೆಷಿನ್ನು, ಎರಕದ ಕಾಲಿನದು, ಆನೆ ಬಂದು ನೂಕಿದರೂ ಅಲುಗದ್ದು. ಮೆಷಿನ್ನಿನಿಂದ ಕಬ್ಬಿಣದ ಬೀರು. ಬೀರುವಿನಿಂದ ಫ್ರಿಜ್ಜು. ಫ್ರಿಜ್ಜಿನಿಂದ ಬಚ್ಚಲ ಬಾಗಿಲು. ಬಾಗಿಲ ಪಕ್ಕದ ಗೋಡೆಯ ಮೇಲೆ, ಆಕೆಯ ಅಂಗೈ ಊರುವ ಕಡೆಯಲ್ಲೆಲ್ಲ, ವರ್ಷಗಳ ಜಿಡ್ಡು ಕಪ್ಪಾಗಿ ಕೂತಿತ್ತು. ಬಂದವರ ಕಣ್ಣಿಗೆ ಅದು ಸಾಮಾನು ತುಂಬಿದ, ಗೋಡೆ ಕೊಳೆಯಾದ, ಇಕ್ಕಟ್ಟಿನ ಮನೆ. ಬಂದವರ ಕಣ್ಣಿಗೆ ಏನು ಗೊತ್ತು!

ಆಕೆ ಬಿದ್ದದ್ದು ಬಚ್ಚಲೊಳಗೆ. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಇದ್ದದ್ದು ಟವೆಲ್ ಹಾಕುವ ಪ್ಲಾಸ್ಟಿಕ್ ರಾಡು. ಒದ್ದೆ ಟೈಲ್ಸ್ ಮೇಲೆ ಕಾಲು ಜಾರಿತು, ಕೈ ರಾಡಿಗೆ ಹೋಯಿತು, ರಾಡು ಕೈಗೆ ಬಂತು. ಸೊಂಟದ ಮೂಳೆ ಮುರಿದು ಒಳಗೆ ಪ್ಲೇಟು ಕೂರಿಸಬೇಕಾಯಿತು. ಸ್ಟ್ರೆಚರಿನ ಮೇಲೆ ಮಲಗಿಸಿ ಹೊರಗೆ ತರುವಾಗ, ನೋವಿನಲ್ಲಿ ಮುಖ ಹಿಂಡಿಹೋಗಿದ್ದರೂ, ಹೊತ್ತವರಿಗೆ ಹೇಳಿದರು: "ರೈಟ್, ರೈಟ್! ಬಾಗಿಲಲ್ಲಿ ಎಡಕ್ಕೆ ಕಟ್ ಮಾಡಿ!"

ಟವೆಲ್ ರಾಡು ಟವೆಲ್ಲಿನ ಭಾರಕ್ಕೆ ಮಾಡಿದ್ದು. ಮನುಷ್ಯರ ಭಾರಕ್ಕಲ್ಲ. ಅದನ್ನು ಮಾರಿದವನಿಗೂ ಗೊತ್ತು, ಕೂರಿಸಿದವನಿಗೂ ಗೊತ್ತು, ಮನೆ ಕಟ್ಟಿ ಮಾರಿದವನಿಗಂತೂ ಚೆನ್ನಾಗಿ ಗೊತ್ತು. ಜಾರುವ ಕೈ ಅದನ್ನೇ ಹಿಡಿಯುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಆದರೂ ಪ್ರತಿ ಮನೆಯಲ್ಲೂ ಸರಿಯಾಗಿ ಜಾರುವ ಕಡೆಯೇ ಅದು ನೇತಾಡುತ್ತಿರುತ್ತದೆ. ನಿಮ್ಮ ಮನೆಯಲ್ಲೂ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಮಗಳು ತನ್ನ ಮನೆಗೇ ಕರೆದೊಯ್ದಳು. ಮೂರನೇ ಮಹಡಿ. ದೊಡ್ಡ ಟಿವಿ, ಮೆತ್ತನೆಯ ಕುರ್ಚಿ, ಕುರ್ಚಿಯ ಮುಂದೆ ಕಾಲಿಡಲು ಇನ್ನೊಂದು ಕುರ್ಚಿ. ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೊರಡುವಾಗ ಒಂದೇ ಮಾತು: "ಸುಮ್ನೆ ಕೂತಿರಮ್ಮ." ಸಂಜೆ ಬಂದವರದು ಒಂದೇ ಪ್ರಶ್ನೆ: "ಎದ್ದಿಲ್ಲ ತಾನೆ?" ನಾನು ನೋಡಲು ಹೋದಾಗ ಕಂಡಕ್ಟರಮ್ಮನ ಕೈಗಳು ಕುರ್ಚಿಯ ತೋಳನ್ನು ಹಿಡಿಯುತ್ತಿದ್ದವು, ಬಿಡುತ್ತಿದ್ದವು, ಹಿಡಿಯುತ್ತಿದ್ದವು.

"ಇಲ್ಲಿ ನಾನು ಲಗೇಜು ಕಣ್ರೀ" ಎಂದರು ಮೆಲ್ಲಗೆ. "ಇಟ್ಟ ಕಡೆ ಇರ್ಬೇಕು. ಇನ್ನೊಂದ್ ತಿಂಗಳು ಹೀಗೇ ಕೂತ್ರೆ ಈ ಕಾಲು ತಾವು ಕಾಲು ಅನ್ನೋದನ್ನೇ ಮರೀತಾವೆ."

ಮಗಳ ಹತ್ತಿರ ಹಟ ಹಿಡಿದರು. ನನ್ನ ಮನೆಗೆ ಹೋಗುತ್ತೇನೆ, ಹೋಗಲೇಬೇಕು. ಮಗಳು ವಾರ್ಡು ಆಳುವವಳು, ಸುಲಭಕ್ಕೆ ಮಣಿಯುವವಳಲ್ಲ. ಕೊನೆಗೊಂದು ಷರತ್ತು ಹಾಕಿದಳು.

"ಮನೇನ ನಾನು ಸರಿ ಮಾಡಿಸ್ತೀನಿ. ಆಮೇಲೆ ಹೋಗು. ಆದ್ರೆ ಅಮ್ಮ, ಇನ್ನೊಂದೇ ಒಂದು ಸಲ ಬಿದ್ರೂ ಆ ಮನೆಗೆ ಬೀಗ. ಬಾಯಿ ಮುಚ್ಕೊಂಡು ಇಲ್ಲಿಗೆ ಬರ್ಬೇಕು. ಮಾತು ಕೊಡು."

"ಕೊಟ್ಟೆ."

"ನನ್ನ ತಲೆ ಮುಟ್ಟಿ ಹೇಳು."

"ನಿನ್ನ ತಲೆ ಮುಟ್ಟೋಕೆ ಎದ್ದು ನಿಲ್ಬೇಕು. ಏಳ್ಬೇಡ ಅಂತ ನೀನೇ ಹೇಳಿದ್ಯಲ್ಲ ಸಿಸ್ಟರ್."

ಆ ಮಾತಿಗೆ ಮಗಳೂ ನಕ್ಕಳಂತೆ. ಆದರೆ ಷರತ್ತು ಷರತ್ತೇ.

ಮಗಳು ರಜೆ ಹಾಕಿ ಮನೆ ಸರಿಮಾಡಲು ನಿಂತಳು. ಎದುರು ಬಾಗಿಲಿನ ನಾನು ಎಲ್ಲವನ್ನೂ ನೋಡುತ್ತಲೇ ಇದ್ದೆ. ಮೊದಲು ಕಾಲೊರೆಸುವ ಚಾಪೆಗಳು ಹೋದವು. ಸರಿ. ನೆಲದ ಮೇಲೆ ಹರಿದಾಡುತ್ತಿದ್ದ ವೈರು ಹೋಯಿತು. ಅದೂ ಸರಿ. ಫ್ರಿಜ್ಜಿನ ಕೆಳಗಿನ ಸ್ಟ್ಯಾಂಡಿಗೆ ಗಾಲಿಗಳಿದ್ದವು. "ಕೈ ತಾಗಿದ್ರೆ ಉರುಳುತ್ತಲ್ಲ ಇದು! ದೇವರೇ!" ಎಂದು ಮಗಳು ಹಣೆ ಚಚ್ಚಿಕೊಂಡದ್ದು ನನ್ನ ಮನೆಗೆ ಕೇಳಿಸಿತು. ಅದೂ ನಿಜವೇ. ಆಮೇಲೆ ಬೀರು ಒಳಕೋಣೆಗೆ ಹೋಯಿತು. ಫ್ರಿಜ್ಜು ಒಲೆಯ ಪಕ್ಕಕ್ಕೆ ಹೋಯಿತು. ಹೊಲಿಗೆ ಮೆಷಿನ್ನು ಗುಜರಿಯವನ ಗಾಡಿ ಹತ್ತಿತು. ಇಬ್ಬರು ಏದುಸಿರು ಬಿಡುತ್ತ ಎತ್ತಿ ಹಾಕಿದರು. ಮಂಚವನ್ನು ಗೋಡೆಯಿಂದ ಬಿಡಿಸಿ, ಮೂರು ಕಡೆಯಿಂದಲೂ ಜನ ನಿಲ್ಲುವಂತೆ ಕೋಣೆಯ ನಡುವೆ ಇಟ್ಟಳು. ಹಾಸಿಗೆಯಿಂದ ಬಚ್ಚಲವರೆಗೆ ಅಗಲವಾದ, ಖಾಲಿಯಾದ, ಗಾಳಿ ಆಡುವ ದಾರಿ.

ವಾರ್ಡು! ಅಚ್ಚುಕಟ್ಟಾದ ಒಂದು ವಾರ್ಡು.

ವಾರ್ಡಿನಲ್ಲಿ ಅದು ಸರಿ. ಅಲ್ಲಿ ರೋಗಿ ನಡೆಯುವುದು ನರ್ಸಿನ ತೋಳು ಹಿಡಿದು. ದಾರಿ ಅಗಲವಿರಬೇಕು, ಇಬ್ಬರು ಜೊತೆಯಾಗಿ ಹೋಗಬೇಕು, ಗಾಲಿಕುರ್ಚಿ ತಿರುಗಬೇಕು. ಮಗಳು ತನ್ನ ಬದುಕಿನುದ್ದಕ್ಕೂ ಕಲಿತ ಒಳ್ಳೆಯದನ್ನೆಲ್ಲ ತಂದು ತಾಯಿಯ ಮನೆಯಲ್ಲಿ ಸುರಿದಿದ್ದಳು. ಒಂದನ್ನು ಬಿಟ್ಟು. ಆ ವಾರ್ಡಿನಲ್ಲಿ ನರ್ಸು ಇರಲಿಲ್ಲ.

ಅಳಿಯ ತನ್ನ ಪಾಲಿನ ಸೇವೆಗೆ ಡಬ್ಬ, ಕುಂಚ ಹಿಡಿದು ಬಂದ. ಅಂಗಡಿಯಲ್ಲಿದ್ದ ಅತ್ಯುತ್ತಮ ಬಿಳಿ. ಗೋಡೆಯ ಕಪ್ಪು ಜಿಡ್ಡನ್ನು ಸೋಪು ಹಾಕಿ ಉಜ್ಜಿ, ಮೇಲೆ ಎರಡು ಕೋಟು ಹೊಡೆದ. "ನೋಡಿ ಹೇಗಿದೆ!" ಎಂದು ನನ್ನನ್ನು ಕರೆದು ತೋರಿಸಿದ. "ಅತ್ತೆ ಬಂದು ಗುರುತೇ ಹಿಡೀಬಾರ್ದು." ಬಚ್ಚಲಿಗೆ ಅವನೇ ಹಿಡಿಕೆ ತಂದಿದ್ದ. ಟೈಲ್ಸಿಗೆ ತೂತು ಕೊರೆದರೆ ಬಿರುಕು ಬಿಡುತ್ತದೆ, ಅಂದ ಕೆಡುತ್ತದೆ ಎಂದು ರಬ್ಬರಿನ ಬಟ್ಟಲು ಒತ್ತಿ ಅಂಟಿಸುವಂಥದ್ದು. ಒಮ್ಮೆ ಎಳೆದು ತೋರಿಸಿದ. ಗಟ್ಟಿಯಾಗಿಯೇ ಇತ್ತು, ಆ ದಿನಕ್ಕೆ.

ಕಂಡಕ್ಟರಮ್ಮ ಮನೆಗೆ ಬಂದರು. ಕೈಯಲ್ಲಿ ಊರುಗೋಲು. ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದರು.

"ಯಾರ ಮನೆ ಇದು?"

"ನಿಂದೇ ಅಮ್ಮ!" ಎಂದಳು ಮಗಳು, ಮುಖವೆಲ್ಲ ಹಿಗ್ಗಾಗಿ.

"ಚೆನ್ನಾಗಿದೆ" ಎಂದರು ಕಂಡಕ್ಟರಮ್ಮ. ಕೈ ಬಾಗಿಲ ಚೌಕಟ್ಟನ್ನು ಬಿಟ್ಟಿರಲಿಲ್ಲ. "ಬಸ್ ಸ್ಟ್ಯಾಂಡ್ ಇದ್ದಂಗಿದೆ. ಅಳಿಯಂದ್ರೇ, ಗೋಡೆ ನೋಡಿದ್ರೆ ಕಣ್ಣು ಕುಕ್ಕುತ್ತೆ, ಹಾಳಾಗದಂಗೆ ನೋಡ್ಕೋಬೇಕು."

"ನೀವು ಮುಟ್ದೇ ಇದ್ರೆ ಹತ್ತು ವರ್ಷ ಹೀಗೇ ಇರುತ್ತೆ ಅತ್ತೆ" ಎಂದ ಅಳಿಯ. ಹೊಟ್ಟೆಯಲ್ಲಿ ಯಾವ ಕೆಟ್ಟದ್ದನ್ನೂ ಇಟ್ಟುಕೊಂಡು ಹೇಳಿದ್ದಲ್ಲ.

ಅಲ್ಲಿಂದ ಶುರುವಾಯಿತು ನೋಡಿ ತಳಮಳ. ಆ ಮನೆಯಲ್ಲಿ ಮಾತ್ರವಲ್ಲ, ನನ್ನ ಮನೆಯಲ್ಲೂ. ಊರುಗೋಲಿನ ಟಕ್ ಟಕ್ ಕೇಳಿಸುತ್ತದೆ, ನಿಲ್ಲುತ್ತದೆ. ಯಾಕೆ ನಿಂತಿತು? ಮತ್ತೆ ಟಕ್. ಒಂದು ಕೈಯಲ್ಲಿ ಊರುಗೋಲು ಇದ್ದರೆ ಲೋಟ ಹಿಡಿಯುವುದು ಹೇಗೆ, ತಟ್ಟೆ ಹಿಡಿಯುವುದು ಹೇಗೆ? ಆಕೆ ಅದನ್ನು ಬಾಗಿಲ ಮೂಲೆಯಲ್ಲಿ ಮರೆತು ಹೊರಡುತ್ತಾರೆ, ನಡುದಾರಿಯಲ್ಲಿ ನೆನಪಾಗುತ್ತದೆ, ಮುಂದೆ ಹೋಗಲಾರರು, ಹಿಂದೆ ಬರಲಾರರು. ಬಿಳಿ ಬಯಲಿನ ನಡುವೆ ನಿಂತು ಎರಡೂ ಕೈ ಅಗಲಿಸುತ್ತಾರೆ. ಆಕೆಯೇ ಅಭಿನಯಿಸಿ ತೋರಿಸಿದ್ದರು. "ಕಂಬಿ ಇಲ್ದ ಬಸ್ಸು ಹತ್ತಿಸಿದಾಳೆ ನನ್ ಮಗ್ಳು. ಡ್ರೈವರೂ ಇಲ್ಲ."

"ಹೇಳಬಾರದಾ ಅವಳಿಗೆ?" ಎಂದೆ.

"ಏನಂತ ಹೇಳ್ಲಿ? ರಜೆ ಹಾಕಿ, ಬೆನ್ನು ಮುರ್ಕೊಂಡು ಮಾಡಿದಾಳೆ. ನಡೆಯೋಕಾಗ್ತಿಲ್ಲ ಅಂದ್ರೆ, ನೋಡು, ನಿಂಗೆ ಆಗಲ್ಲ, ಬಾ ನಮ್ಮನೆಗೆ ಅಂತಾಳೆ. ಮಾತು ಬೇರೆ ಕೊಟ್ಟಿದೀನಿ."

ಇದನ್ನು ಸ್ವಲ್ಪ ಯೋಚಿಸಿ. ಕಷ್ಟ ಹೇಳಿಕೊಂಡರೆ ಮನೆ ಹೋಗುತ್ತದೆ. ಹೇಳದಿದ್ದರೆ ಸೊಂಟ ಹೋಗುತ್ತದೆ. ನಮ್ಮ ಎಷ್ಟು ಮನೆಗಳಲ್ಲಿ ವಯಸ್ಸಾದವರು ಈ ಇಕ್ಕಟ್ಟಿನಲ್ಲಿ ನಗುನಗುತ್ತ, "ಏನಿಲ್ಲಪ್ಪ, ಚೆನ್ನಾಗಿದೀನಿ" ಎನ್ನುತ್ತಿದ್ದಾರೋ! ನಾವು ಆ ಉತ್ತರ ಕೇಳಿ ಸಮಾಧಾನದಿಂದ ಫೋನ್ ಇಡುತ್ತೇವೆ.

ರಬ್ಬರಿನ ಹಿಡಿಕೆ ಮೊದಲ ವಾರ ಮುಗಿಯುವ ಮೊದಲೇ ಕೈಗೆ ಬಂತು. ಪುಣ್ಯಕ್ಕೆ ಆಗ ಆಕೆ ಸ್ಟೂಲಿನ ಮೇಲೆ ಕೂತೇ ಇದ್ದರು. "ಫೋನಿನ ರಿಸೀವರ್ ಹಿಡ್ದಂಗೆ ಹಿಡ್ಕೊಂಡು ಕೂತೆ" ಎಂದು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಲೋ ಅಂದೆ. ಆ ಕಡೆಯಿಂದ ಯಾರೂ ಮಾತಾಡ್ಲಿಲ್ಲ." ಅಳಿಯನಿಗೆ ಬೇಜಾರಾಗಬಾರದೆಂದು ಅದನ್ನು ಮತ್ತೆ ಅಲ್ಲೇ ಒತ್ತಿ ಅಂಟಿಸಿದರು. ಅವತ್ತಿನಿಂದ ಅದನ್ನು ಮುಟ್ಟಲಿಲ್ಲ.

ಆಮೇಲೆ ಬಂತು ಆ ಮಧ್ಯಾಹ್ನ.

ಮಗಳು ದಿನಕ್ಕೆ ಹತ್ತಾರು ಸಲ ಫೋನ್ ಮಾಡುತ್ತಿದ್ದಳು. ರೌಂಡ್ಸ್ ನಡುವೆ, ಊಟದ ನಡುವೆ, ಇಂಜೆಕ್ಷನ್ನಿಗೂ ಇಂಜೆಕ್ಷನ್ನಿಗೂ ನಡುವೆ. ಮೂರನೇ ರಿಂಗಿಗೆ ಎತ್ತದಿದ್ದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಫೋನು ಚಾರ್ಜಿಗೆ ಹಾಕಿದ್ದು ಬಚ್ಚಲ ಕಡೆಯ ಗೋಡೆಯಲ್ಲಿ. ಕಂಡಕ್ಟರಮ್ಮ ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದರು. ರಿಂಗಾಯಿತು. ಎದ್ದರು, ಅವಸರದಲ್ಲಿ ಊರುಗೋಲು ಬಿಟ್ಟರು. ಚೌಕಟ್ಟು ಹಿಡಿದರು, ಎಷ್ಟೋ ವರ್ಷಗಳ ರೂಢಿಯಂತೆ ಕೈ ಹೊಲಿಗೆ ಮೆಷಿನ್ನಿಗೆ ಹೋಯಿತು.

ಮೆಷಿನ್ನು ಇರಲಿಲ್ಲ.

ಮೈ ವಾಲಿತು. ಗೋಡೆಗೆ ಬಡಿದ ಮುಂಗೈ ಗೋಡೆಯನ್ನು ಸವರುತ್ತಲೇ ಕೆಳಗಿಳಿಯಿತು. ಅದರಿಂದಾಗಿಯೇ ಬೀಳುವಿಕೆ ನಿಧಾನವಾಗಿ, ಮುರಿಯುವಂಥದ್ದು ಏನೂ ಮುರಿಯದೆ, ಆಕೆ ನೆಲದ ಮೇಲೆ ಕೂತುಬಿಟ್ಟರು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೂತಲ್ಲಿಂದಲೇ ತೆವಳಿಕೊಂಡು ಹೋಗಿ, ವೈರು ಹಿಡಿದು ಎಳೆದು, ಎತ್ತಿದರು.

"ಯಾಕಮ್ಮ ಇಷ್ಟೊತ್ತು? ಎಲ್ಲಿದೀಯ? ಏನ್ ಮಾಡ್ತಿದೀಯ?"

"ಕೂತಿದೀನಿ."

"ಹಾಂ, ಒಳ್ಳೇದು. ಹಾಗೇ ಕೂತಿರು" ಎಂದು ಮಗಳು ನೆಮ್ಮದಿಯಿಂದ ಫೋನ್ ಇಟ್ಟಳು.

ನೆಲದಿಂದ ಏಳಲು ಆಕೆಗೆ ಎಷ್ಟು ಹೊತ್ತಾಯಿತೋ ಕೇಳಬೇಡಿ. ನಾನೂ ಕೇಳಲಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದೇ ಆಮೇಲೆ, ಎಲ್ಲ ಮುಗಿದ ಮೇಲೆ. ಆಗ ಆಕೆ ಮಾಡಿದ್ದು ಒಂದೇ: ಉದ್ದ ತೋಳಿನ ರವಿಕೆ ಹುಡುಕಿ ತೊಟ್ಟುಕೊಂಡರು.

ನರ್ಸಿನ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ಮರುದಿನ ಮಗಳು ಬಂದಳು. ಬಿಸಿಲು ಸುಡುತ್ತಿದೆ, ಅಮ್ಮ ಉದ್ದ ತೋಳು ತೊಟ್ಟಿದ್ದಾಳೆ. ಒಂದು ಮಾತೂ ಆಡದೆ ತೋಳು ಮೇಲೇರಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ನೀಲಿ.

"ಏನಿದು?"

"ಬಸ್ಸಲ್ಲಿ ತಾಗ್ತು."

"ಯಾವ ಬಸ್ಸಮ್ಮ? ಯಾವ ಬಸ್ಸು?"

ಕಂಡಕ್ಟರಮ್ಮ ರವಿಕೆಯ ತೋಳನ್ನು ಕೆಳಗೆಳೆದುಕೊಂಡರು.

ಮಗಳು ಅಟ್ಟದಿಂದ ಸೂಟ್‌ಕೇಸು ಇಳಿಸಿದಳು. ಅಳುತ್ತಲೇ ಬಟ್ಟೆ ತುಂಬಿದಳು. ಬೈಯುತ್ತಲೇ ಮಾತ್ರೆಯ ಡಬ್ಬಿ ಹುಡುಕಿದಳು. "ನಾನೇನು ಕಡಿಮೆ ಮಾಡ್ದೆ? ಹೇಳು, ಏನ್ ಕಡಿಮೆ ಮಾಡ್ದೆ? ಸಾಮಾನೆಲ್ಲ ತೆಗೆಸ್ದೆ, ಒಂದು ಕಡ್ಡಿ ಕಾಲಿಗೆ ಸಿಗದಂಗೆ ಮಾಡ್ದೆ! ಇಷ್ಟು ಖಾಲಿ ಮನೇಲೂ ಬೀಳ್ತೀಯ ಅಂದ್ರೆ ನೀನು ಎಲ್ಲೂ ಒಬ್ಳೇ ಇರೋ ಹಾಗಿಲ್ಲ, ಮುಗೀತು!" ತೆರೆದ ಬಾಗಿಲಲ್ಲಿ ನಾನು ನಿಂತಿದ್ದೆ. ಮಾತಾಡಲು ಬಾಯಿ ತೆರೆದೆ, ಕಂಡಕ್ಟರಮ್ಮ ಕೈಯೆತ್ತಿ ಸುಮ್ಮನಿರಿಸಿದರು. ಓಡುವ ಬಸ್ಸನ್ನು ನಿಲ್ಲಿಸಿ ಗೊತ್ತಿದ್ದ ಕೈ, ನಾನು ಯಾವ ಲೆಕ್ಕ!

"ಮಾತು ಕೊಟ್ಟಿದೀನಿ, ಬರ್ತೀನಿ" ಎಂದರು. "ಅದಕ್ಕೆ ಮುಂಚೆ ಬಚ್ಚಲಿಗೆ ಹೋಗಿ ಬರ್ಬೋದಾ ಸಿಸ್ಟರ್? ಇಲ್ಲ, ಅದನ್ನೂ ಸೂಟ್‌ಕೇಸಲ್ಲಿ ತುಂಬಿದೀಯಾ?"

ಎದ್ದರು. ಮಗಳು ಕಣ್ಣೊರೆಸಿಕೊಂಡು, ರೂಢಿಯಂತೆ, ಪಕ್ಕಕ್ಕೆ ಬಂದು ತೋಳಿಗೆ ಕೈ ಹಾಕಿದಳು.

"ಕೈ ತೆಗಿ."

"ಅಮ್ಮ..."

"ತೆಗಿ ಅಂದೆ. ನೀನು ಇಲ್ದಾಗ ಹೇಗೆ ಹೋಗ್ತೀನಿ ಅಂತ ಒಂದ್ಸಲನಾದ್ರೂ ನೋಡಿದೀಯಾ? ನೀನು ಬಂದ ಕೂಡ್ಲೇ ನನ್ ತೋಳು ಹಿಡೀತೀಯ. ಹಿಂದೆ ಬಾ. ಕೈ ಬೆನ್ನ ಹಿಂದೆ ಇಟ್ಕೊಂಡು ಬಾ."

ವಾರ್ಡಿನ ಹಿರಿಯ ಸಿಸ್ಟರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದಳು. ಅವಳಿಗೆ ಅದೆಷ್ಟು ಕಷ್ಟವಾಯಿತೆಂದರೆ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು.

ಕಂಡಕ್ಟರಮ್ಮ ಮಂಚದ ತಲೆಗಟ್ಟು ಬಿಟ್ಟರು. ಈಗ ಅಲ್ಲಿಂದ ಚೌಕಟ್ಟು ಎಟುಕುತ್ತಿರಲಿಲ್ಲ. ಎರಡು ಹೆಜ್ಜೆ ಬರಿಗೈ. ಮಗಳು ಉಸಿರು ಹಿಡಿದಳು. ಚೌಕಟ್ಟು ಸಿಕ್ಕಿತು. ಅಲ್ಲಿಂದ ಬಲಗೈ ಮುಂದೆ ಹೋಯಿತು. ಕಾಲು ಇನ್ನೂ ನೆಲದಲ್ಲೇ ಇತ್ತು. ಬೆರಳು ಬಿಚ್ಚಿಕೊಂಡು, ಅಂಗೈ ಕೆಳಗಾಗಿ, ಸೊಂಟದ ಎತ್ತರದಲ್ಲಿ, ಏನೂ ಇಲ್ಲದ ಗಾಳಿಯಲ್ಲಿ ಆ ಕೈ ಏನನ್ನೋ ಹುಡುಕಿತು. ಸಿಗಲಿಲ್ಲ. ಮೈ ಒಂದು ಸಲ ತೂಗಿತು. ಮಗಳ ಕೈ ಬೆನ್ನ ಹಿಂದಿನಿಂದ ಹಾರಿ ಬಂತು. ಅಷ್ಟರಲ್ಲಿ ಆಕೆ ದೂರದ ಗೋಡೆಗೆ ಅಂಗೈ ಬಡಿದು ನಿಂತಿದ್ದರು.

ಅಳಿಯನ ಅತ್ಯುತ್ತಮ ಬಿಳಿಯ ಮೇಲೆ, ಆ ಅಂಗೈಯ ಸುತ್ತ, ಇನ್ನೂ ಎಷ್ಟೋ ಅಂಗೈಗಳ ಗುರುತು. ಒಂದರ ಮೇಲೊಂದು. ಕೆಳಗೆ ಜಾರಿದ ಒಂದು ಉದ್ದನೆಯ ಗೆರೆ. ನಡೆಯಲು ಕಲಿಯುವ ಮಗುವಿರುವ ಮನೆಯಲ್ಲಿ ಇರುತ್ತದಲ್ಲ, ಹಾಗೆ.

ಮಗಳು ಆ ಗೋಡೆಯನ್ನೇ ನೋಡುತ್ತ ನಿಂತಳು.

"ಇಲ್ಲಿ... ಇಲ್ಲಿ ಏನಿತ್ತಮ್ಮ?"

"ಮೆಷಿನ್ನು."

"ಅದನ್ನ ಹಿಡ್ಕೊಂಡಾ...? ಅಲ್ಲಿ?"

"ಅಲ್ಲಿ ಬೀರು. ಅದಾದ್ಮೇಲೆ ಫ್ರಿಜ್ಜು."

"ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಕೂತಿರು ಅಂದೆ. ಹೋಗ್ಲಿ ಬಿಡು, ಈಗ ಜರೂರಾಗಿ ಬಚ್ಚಲಿಗೆ ಹೋಗ್ಬೇಕು, ದಾರಿ ಬಿಡು."

ಬಚ್ಚಲಿಂದ ಹೊರಬಂದಾಗ ಮಗಳು ಸೂಟ್‌ಕೇಸಿನ ಮೇಲೆ ಕೂತಿದ್ದಳು. "ಇನ್ನೊಂದ್ಸಲ ನಡಿ" ಎಂದಳು. ಕಂಡಕ್ಟರಮ್ಮ ನಡೆದರು. "ಈಗ ವಾಪಸ್." ವಾಪಸ್ಸು ನಡೆದರು. ಮಗಳು ಆಸ್ಪತ್ರೆಯ ಚೀಲದಿಂದ ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ಸುರುಳಿ ತೆಗೆದು, ತಾಯಿಯ ಕೈ ಎಲ್ಲಿ ಹೋಗುತ್ತದೋ ಅಲ್ಲೆಲ್ಲ ಒಂದೊಂದು ತುಂಡು ಅಂಟಿಸುತ್ತ ಹೋದಳು. ಹೋಗುವಾಗ ಬಲಗೈಗೆ, ಬರುವಾಗ ಎಡಗೈಗೆ. ಬಚ್ಚಲೊಳಗೆ ಕಮೋಡಿನಿಂದ ಏಳುವಾಗ ಒಂದು, ನೀರು ಹಾಕಿಕೊಳ್ಳುವಾಗ ಒಂದು, ಹೊಸ್ತಿಲು ದಾಟುವಾಗ ಎರಡು. ಸಂಜೆ ಬಂದ ಅಳಿಯ ಬಾಗಿಲಲ್ಲೇ ಬೆಪ್ಪಾಗಿ ನಿಂತ.

"ನನ್ ಗೋಡೆಗೆ ಏನಾಯ್ತು?"

"ಗಾಯ ಆಗಿದೆ" ಎಂದಳು ಹೆಂಡತಿ. "ಇನ್ನೂ ಆಗೋದಿದೆ. ಕಂಬಿ ಹಾಕೋಕೆ ಡ್ರಿಲ್ಲಿನವನನ್ನ ಕರೀರಿ."

"ಟೈಲ್ಸಿಗೆ ತೂತು ಹಾಕಿದ್ರೆ ಒಡೆಯುತ್ತೆ ಕಣೆ."

"ಒಡೀಲಿ. ಅಮ್ಮನ ಮೂಳೆ ಒಡೆಯೋದಕ್ಕಿಂತ ಟೈಲ್ಸ್ ಒಡೀಲಿ."

ಅಳಿಯ ಮುಖ ಊದಿಸಿಕೊಂಡು ಬಚ್ಚಲಿಗೆ ಹೋಗಿ ತನ್ನ ರಬ್ಬರಿನ ಹಿಡಿಕೆಯನ್ನು ಎಳೆದು ನೋಡಿದ. ಅದು ಕೈಗೆ ಬಂತು. ಅಲ್ಲಿಗೆ ಮಾತು ಮುಗಿಯಿತು. ಡ್ರಿಲ್ಲಿನವನಿಗೆ ಅವನೇ ಫೋನ್ ಮಾಡಿದ.

ಡ್ರಿಲ್ಲಿನವನು ಬಂದವನೇ ಪ್ಲಾಸ್ಟರ್ ತುಂಡುಗಳನ್ನು ಕಿತ್ತು, ತನ್ನ ಅಳತೆ ಪಟ್ಟಿ ಹಿಡಿದು ಪೆನ್ಸಿಲ್ ಗುರುತು ಹಾಕತೊಡಗಿದ. "ಎಲ್ಲಾ ಕಡೆ ನಾವು ಇದೇ ಎತ್ತರಕ್ಕೆ ಹಾಕೋದು ಮೇಡಂ."

"ಎಲ್ಲಾ ಕಡೆ ನಮ್ಮಮ್ಮ ಇರಲ್ವಲ್ಲ" ಎಂದಳು ಮಗಳು. "ಕಿತ್ತಿದ್ದನ್ನ ಅಂಟಿಸಿ."

ಮತ್ತೆ ಅಂಟಿಸಿದರು, ಮತ್ತೆ ಕಂಡಕ್ಟರಮ್ಮನನ್ನು ನಡೆಸಿದರು. ಅವನಿಗೂ ಗೊಣಗಾಟ, ಆಕೆಗೂ ಗೊಣಗಾಟ. ಗೋಡೆಯ ಒಂದು ಭಾಗ ಟೊಳ್ಳು, ಸ್ಕ್ರೂ ನಿಲ್ಲಲಿಲ್ಲ. ಹಿಂದೆ ಹಲಗೆ ಕೊಟ್ಟು ಕೂರಿಸಬೇಕಾಯಿತು. ಎರಡು ಟೈಲ್ಸ್ ನಿಜವಾಗಿಯೂ ಒಡೆದವು. ಆಗ ಅಳಿಯ ಹೆಂಡತಿಯತ್ತ ನೋಡಿದ ನೋಟ ನೋಡಬೇಕಿತ್ತು. ಬಚ್ಚಲ ಹೊಸ್ತಿಲನ್ನು ಒಡೆದು ಇಳಿಜಾರು ಮಾಡಿದರು. ಒಳಗೆ ದೊರಗು ಟೈಲ್ಸ್ ಬಂತು. ಹಾಸಿಗೆಯಲ್ಲಿ ಮಲಗಿ ಕೈ ಚಾಚಿದರೆ ಸಿಗುವ ಕಡೆ ಸ್ವಿಚ್ಚು ಬಂತು. ಮಂಚ ಮತ್ತೆ ಗೋಡೆಗೆ ಹೋಯಿತು. ಗುಜರಿಗೆ ಹೋದ ಮೆಷಿನ್ನು ಮಾತ್ರ ಸಿಗಲಿಲ್ಲ. ಮಗಳು ಹೋಗಿ ಹುಡುಕಿದಳಂತೆ, ಅಷ್ಟರಲ್ಲಿ ಅದು ಚೂರಾಗಿತ್ತು. ಆ ಜಾಗದಲ್ಲಿ ಗೋಡೆಗೆ ಬಿಗಿದ, ಸೊಂಟದೆತ್ತರದ ಒಂದು ಮರದ ಕಟ್ಟೆ ಇದೆ. ಕಂಡಕ್ಟರಮ್ಮ ಅದನ್ನು ಹಿಡಿಯುವಾಗಲೆಲ್ಲ, "ಇದು ಮೆಷಿನ್ನಾಗಲ್ಲ" ಎಂದು ಒಂದು ಸಲ ಹೇಳಿಯೇ ಮುಂದೆ ಹೋಗುತ್ತಾರೆ.

ಕೆಲಸ ಮುಗಿದ ದಿನ ಆಕೆ ಪ್ರತಿ ಕಂಬಿಯನ್ನೂ ಪರೀಕ್ಷೆ ಮಾಡಿದರು. ಮುಟ್ಟಿ ನೋಡಿದ್ದಲ್ಲ, ಮೈಭಾರವೆಲ್ಲ ಹಾಕಿ ತೂಗಿದರು. ಮಗಳು ಕಣ್ಣು ಮುಚ್ಚಿಕೊಂಡಿದ್ದಳು, ಕೈ ಬೆನ್ನ ಹಿಂದೆ. ಕೊನೆಯ ಕಂಬಿ ಮುಗಿಸಿ, ಒಳಗಿಂದಲೇ ಕೂಗಿದರು: "ರೈಟ್!"

ಸೂಟ್‌ಕೇಸು ಅಟ್ಟಕ್ಕೆ ಹೋಯಿತು. ಬೀಗ ಬೀಳಲಿಲ್ಲ. ಆದರೆ ಷರತ್ತು ರದ್ದಾಯಿತೆಂದು ಮಗಳು ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ಕಂಡಕ್ಟರಮ್ಮನೂ ಕೇಳಿಲ್ಲ. ಆ ವಿಷಯ ಹಾಗೇ ನೇತಾಡುತ್ತಿದೆ. ಆಕೆ ಇನ್ನು ಬೀಳುವುದೇ ಇಲ್ಲ ಎಂದು ನಾನೂ ಬರೆದುಕೊಡಲಾರೆ. ಫೋನು ಈಗ ಗೋಡೆಯಲ್ಲಿಲ್ಲ. ಕೆಲಸ ಬಿಡುವಾಗ ವಾಪಸ್ಸು ಕೊಡಬೇಕಿದ್ದ, ಕೊಡದೆ ಉಳಿಸಿಕೊಂಡ ತೊಗಲಿನ ಕಂಡಕ್ಟರ್ ಚೀಲದಲ್ಲಿ, ಹೆಗಲಿಗೆ ಅಡ್ಡವಾಗಿ ನೇತಾಡುತ್ತದೆ. ರಿಂಗಾದರೆ ಓಡಬೇಕಿಲ್ಲ. "ಎಲ್ಲಿದೀಯಮ್ಮ?" ಎಂದರೆ, "ಓಡಾಡ್ತಿದೀನಿ" ಎಂಬ ಉತ್ತರ ನನ್ನ ಮನೆಗೂ ಕೇಳಿಸುತ್ತದೆ. ಅಳಿಯನ ಬಿಳಿ ಗೋಡೆಯ ಮೇಲೆ, ಕಂಬಿಯ ಹಿಂದೆ, ಜಿಡ್ಡು ಮತ್ತೆ ಕಪ್ಪಾಗುತ್ತಿದೆ. ಅವನೊಮ್ಮೆ ಸೋಪು ಹಿಡಿದು ಬಂದಿದ್ದ. ಹೆಂಡತಿ ಬಾಗಿಲಲ್ಲೇ ಕಿತ್ತುಕೊಂಡಳು.

ಈಗ ನೀವು. "ಪಾಪ" ಎಂದು ಲೊಚಗುಟ್ಟಿ ಪುಟ ತಿರುಗಿಸಬೇಡಿ. ನಿಮ್ಮ ಮನೆಯಲ್ಲೋ, ಎರಡು ಬೀದಿ ಆಚೆಯೋ, ಗೋಡೆಗೆ ಕೈ ಊರಿ ನಡೆಯುವವರು ಒಬ್ಬರಿದ್ದಾರೆ. ಇವತ್ತೇ ಹೋಗಿ. ಹಣ್ಣು, ಮಾತ್ರೆ, ಬುದ್ಧಿಮಾತು ಯಾವುದೂ ತೆಗೆದುಕೊಂಡು ಹೋಗಬೇಡಿ. ಹಾಸಿಗೆಯಿಂದ ಬಚ್ಚಲವರೆಗೆ ಅವರ ಹಿಂದೆ ನಡೆಯಿರಿ, ನಿಮ್ಮ ಎರಡೂ ಕೈ ಬೆನ್ನ ಹಿಂದೆ ಇರಲಿ, ಬಾಯಿ ಮುಚ್ಚಿರಲಿ. ಅವರ ಕೈ ಎಲ್ಲಿ ಹೋಗುತ್ತದೆ ನೋಡಿ. ಆಮೇಲೆ ಟವೆಲ್ ರಾಡನ್ನು ಕಿತ್ತೆಸೆದು, ಆ ಕೈ ಹೋದ ಕಡೆಯಲ್ಲೆಲ್ಲ, ನಿಮ್ಮ ಮೈಭಾರ ಹಾಕಿ ತೂಗಿದರೂ ಅಲುಗದ ಕಂಬಿ ಹಾಕಿಸಿ. ಅಲ್ಲಿಯವರೆಗೆ ಅವರಿಗೆ "ಕೂತಿರು" ಎನ್ನಬೇಡಿ.